ಎಟ್ಟಿಯ ರೋಗ: ಹತ್ತು ನಿಮಿಷದಲ್ಲಿ ಗೊತ್ತಾದರೆ ಏನು ಲಾಭ?

ಮಾರ್ಕೆಟ್ಟಿನಲ್ಲಿ ಎಟ್ಟಿಯ ರೇಟು ಕೇಳಿ ನಾವು ಹುಬ್ಬೇರಿಸುತ್ತೇವೆ. ಅದನ್ನು ಸಾಕುವವನ ಕಷ್ಟ ಗೊತ್ತಿರುವವರು ಕಡಿಮೆ. ನಿನ್ನೆ ಚೆನ್ನಾಗಿ ತಿಂದ ಸಿಗಡಿ ಇವತ್ತು ಮೇವು ಬಿಟ್ಟು ಹೊಂಡದ ಅಂಚಿಗೆ ಬಂದು ಸುಮ್ಮನೆ ತೇಲುತ್ತದೆ. ತಲೆಯ ಚಿಪ್ಪು ತೆಗೆದು ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ಬಿಳಿ ಚುಕ್ಕೆ. ಅಲ್ಲಿಂದ ಮೂರರಿಂದ ಹತ್ತು ದಿನ, ಹೊಂಡವೇ ಖಾಲಿ!

ಇದು ಬಿಳಿ ಚುಕ್ಕೆ ರೋಗ. ಇದರ ವೈರಸ್ 1990ರ ದಶಕದ ಆರಂಭದಲ್ಲಿ ಚೀನಾ, ತೈವಾನ್ ಕಡೆ ಕಾಣಿಸಿ, 1994ರಲ್ಲಿ ನಮ್ಮ ದೇಶದ ಪೂರ್ವ ಕರಾವಳಿಗೆ ಬಂತು. ನಮ್ಮ ಕರಾವಳಿಯೂ ಉಳಿಯಲಿಲ್ಲ. ಕುಮಟಾದ ಗಜನಿ ಗದ್ದೆಗಳಲ್ಲಿ ಭತ್ತ ಬಿಟ್ಟು ಸಿಗಡಿಗೆ ಇಳಿದವರಲ್ಲಿ ಅನೇಕರು ಕೈ ಸುಟ್ಟುಕೊಂಡರು. ತಿನ್ನುವವರಿಗೆ ಈ ವೈರಸ್‌ನಿಂದ ತೊಂದರೆಯಿಲ್ಲ, ಆ ಹೆದರಿಕೆ ಬೇಡ. ಸಾಯುವುದು ಸಿಗಡಿ, ಮುಳುಗುವುದು ಸಾಲ ಮಾಡಿದವನು.

ಇದಕ್ಕೆ ಮದ್ದಿಲ್ಲ. ನಮ್ಮ ದೇಹದಂತೆ ಪ್ರತಿಕಾಯ ತಯಾರಿಸುವ ಶಕ್ತಿ ಸಿಗಡಿಗಿಲ್ಲ, ಹಾಗಾಗಿ ಮಕ್ಕಳಿಗೆ ಕೊಡುವಂಥ ಲಸಿಕೆಯ ದಾರಿಯೂ ಸುಲಭವಿಲ್ಲ. ಉಳಿದಿರುವುದು ಒಂದೇ, ಬೇಗ ಪತ್ತೆ ಹಚ್ಚುವುದು.

ಪಿಸಿಆರ್ ಅಂದರೆ ಕೊರೊನಾ ಕಾಲದಿಂದ ಎಲ್ಲರಿಗೂ ಗೊತ್ತು. ಸಿಗಡಿಗೂ ಅದೇ ಪರೀಕ್ಷೆ ಆಗುತ್ತದೆ. ಹೊರಗಿಂದ ಆರೋಗ್ಯವಾಗಿ ಕಾಣುವ ಮರಿಯೊಳಗೆ ಅಡಗಿರುವ ಸ್ವಲ್ಪ ವೈರಸ್ಸನ್ನೂ ಅದು ಹಿಡಿಯುತ್ತದೆ. ಆದರೆ ಲ್ಯಾಬ್ ಬೇಕು, ಯಂತ್ರ ಬೇಕು, ಕಲಿತವರು ಬೇಕು. ಹೊಂಡದ ಬದಿಯಲ್ಲಿ ನಿಂತವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಇಲ್ಲಿ ನಮ್ಮ ಮಂಗಳೂರಿನ ಮೀನುಗಾರಿಕೆ ಕಾಲೇಜಿನ ಕೆಲಸ ನೆನೆಯಬೇಕು. ಸಿಗಡಿ ತಯಾರಿಸಲಾರದ ಪ್ರತಿಕಾಯವನ್ನು ಅಲ್ಲಿನ ವಿಜ್ಞಾನಿಗಳು ಇಲಿಯ ಜೀವಕೋಶಗಳಿಂದ ಪಡೆದು, ಅದನ್ನೇ ವೈರಸ್ ಗುರುತಿಸುವ ಸಾಧನ ಮಾಡಿಕೊಂಡರು. ಸಿಗಡಿಯ ಕಿವಿರಿನ ಚೂರನ್ನು ಅರೆದು, ಆ ರಸದ ಹನಿಯನ್ನು ಕಿಟ್‌ನ ಪೊರೆಯ ಮೇಲೆ ಬಿಟ್ಟು, ಅದರ ದ್ರಾವಣಗಳನ್ನು ಸಾಲಾಗಿ ಹಾಕಿದರೆ ಆಯಿತು. ವೈರಸ್ ಇದ್ದರೆ ಬಣ್ಣದ ಚುಕ್ಕೆ ಮೂಡುತ್ತದೆ. ಸುಮಾರು ಹತ್ತು ನಿಮಿಷದ ಕೆಲಸ, ಯಂತ್ರವೇ ಬೇಡ. ಜಪಾನಿನವರು 2000ದಲ್ಲಿ ಪ್ರಕಟಿಸಿದ ಲ್ಯಾಂಪ್ ಎಂಬ ವಿಧಾನವನ್ನೂ ಸಿಗಡಿಗೆ ಬಳಸುತ್ತಾರೆ. ಅದಕ್ಕೆ ಸುಮಾರು 65 ಡಿಗ್ರಿಯಲ್ಲಿ ಬಿಸಿಯಾಗಿಡುವ ವ್ಯವಸ್ಥೆ ಇದ್ದರೆ ಸಾಕು, ಒಂದು ಗಂಟೆಯೊಳಗೆ ಉತ್ತರ.

ಹಾಗಂತ ಕಿಟ್ ಒಂದೇ ಸಾಕು ಅಂದುಕೊಳ್ಳಬಾರದು. ವೈರಸ್ ತೀರಾ ಕಡಿಮೆ ಇದ್ದಾಗ ಅದು ಪಿಸಿಆರ್‌ನಷ್ಟು ಸೂಕ್ಷ್ಮವಲ್ಲ. ಮರಿ ಕೊಳ್ಳುವಾಗ ಪಿಸಿಆರ್ ವರದಿ, ಹೊಂಡಕ್ಕೆ ಬಿಟ್ಟ ಮೇಲೆ ಆಗಾಗ ಕಿಟ್: ಹೀಗೆ ಮಾಡುವುದು ಜಾಣತನ. ವರದಿಯಲ್ಲೂ ಒಂದು ಮಾತು ಕೇಳಲೇಬೇಕು, ಎಷ್ಟು ಮರಿ ಪರೀಕ್ಷೆ ಮಾಡಿದ್ದೀರಿ ಅಂತ. ನೂರಕ್ಕೆ ಐದು ಮರಿಗಳಿಗೆ ಸೋಂಕು ಇದ್ದರೆ, ಅದು 95 ಶೇಕಡಾ ಖಾತ್ರಿಯಲ್ಲಿ ಸಿಕ್ಕಿಬೀಳಲು ಸುಮಾರು 60 ಮರಿಗಳನ್ನಾದರೂ ನೋಡಬೇಕು. ನಾಲ್ಕೈದು ಮರಿ ನೋಡಿ ಕೊಟ್ಟ ಚೀಟಿಗೆ ಬೆಲೆ ಇಲ್ಲ.

ಬೇಗ ಗೊತ್ತಾದರೆ, ಸಿಗಡಿ ಮಾರುವ ಗಾತ್ರಕ್ಕೆ ಬಂದಿದ್ದಲ್ಲಿ ಸಾಯುವ ಮೊದಲೇ ಬಲೆ ಹಾಕಿ ಹಿಡಿದು ಮಾರಬಹುದು. ಹಾಕಿದ ದುಡ್ಡಲ್ಲಿ ಸ್ವಲ್ಪವಾದರೂ ವಾಪಸ್ ಬರುತ್ತದೆ. ಆದರೆ ತೂಬು ತೆಗೆದು ನೀರು ಬಿಡುವುದು ಮಾತ್ರ ಕೂಡದು. ಆ ನೀರು ಹೊಳೆಗೆ ಹೋಗುತ್ತದೆ, ಪಕ್ಕದ ಹೊಂಡದವನು ಅದೇ ಹೊಳೆಯಿಂದ ನೀರು ತೆಗೆಯುತ್ತಾನೆ. ಬ್ಲೀಚಿಂಗ್ ಪೌಡರ್ ಹಾಕಿ ಕೆಲವು ದಿನ ಕಟ್ಟಿಟ್ಟು ಆಮೇಲೆ ಬಿಡಬೇಕು. ನೆರೆಯವನಿಗೆ ಅದೇ ದಿನ ಒಂದು ಫೋನ್ ಮಾಡಿ ಹೇಳಿದರೆ ಅವನೂ ನೀರು ತೆಗೆಯುವುದನ್ನು ನಿಲ್ಲಿಸಬಹುದು.