ಉಪಕಾರಸ್ಮರಣೆ

'ಕೃತಜ್ಞ' ಎಂಬ ಶಬ್ದದಲ್ಲಿ ಎರಡು ಭಾಗಗಳಿವೆ. 'ಕೃತ' ಎಂದರೆ ಮಾಡಿದ್ದು. 'ಜ್ಞ' ಎಂದರೆ ಬಲ್ಲವನು. ಪರರು ತನಗೆ ಮಾಡಿದ್ದನ್ನು ಬಲ್ಲವನೇ ಕೃತಜ್ಞನು.

ಈ ಗುಣವು ನಮ್ಮ ಜನರಿಗೆ ಹೊಸದಲ್ಲ. ನನ್ನ ಊರು ಶಹಾಪುರ ತಾಲ್ಲೂಕಿನ ಶಿರವಾಳ. ಅಲ್ಲಿ ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಪೂಜಿಸುತ್ತೇವೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲುತ್ತೇವೆ.

ಹಿಂದಿನವರು ಉಪಕಾರವನ್ನು ಕಲ್ಲಿನಲ್ಲಿಯೂ ಬರೆಸಿದರು. 949ರ ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನು ಗಂಗರ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ ಸತ್ತಿತು. ಈಗಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟರು. ಆ ನಾಯಿಯ ಹೆಸರು ಸಾವಿರ ವರ್ಷದ ಮೇಲೂ ಉಳಿದಿದೆ. ಆದರೆ ಆ ಹೊಗಳಿಕೆಯನ್ನು ಕಾಳಿಯು ಕೇಳಲಿಲ್ಲ.

ನಾನು ವಿಚಾರಿಸುವುದು ಇದನ್ನೇ. ಎತ್ತಿಗೆ ಒಂದು ಹುಣ್ಣಿಮೆ, ಹೊಲಕ್ಕೆ ಒಂದು ಅಮಾವಾಸ್ಯೆ ಇವೆ. ನಿತ್ಯ ನಮ್ಮೊಡನಿರುವ ಮನುಷ್ಯನಿಗೆ ಯಾವ ದಿನವಿದೆ? ತೀರಿಕೊಂಡ ಮೇಲೆ ಸಭೆ ಸೇರಿಸಿ ಗುಣಗಾನ ಮಾಡುತ್ತೇವೆ. ಬದುಕಿದ್ದಾಗ ಆಡಬೇಕಾದ ಮಾತು ಬಾಯಿಯಲ್ಲೇ ಉಳಿಯುತ್ತದೆ.

"ತಮ್ಮವರಿಗೆ ಉಪಚಾರದ ಮಾತೇಕೆ? ಅದು ಅವರ ಕರ್ತವ್ಯವಲ್ಲವೇ?" ಎಂದು ಕೆಲವರು ಕೇಳುವರು. ಬರಿಯ ಉಪಚಾರವಾದರೆ ಬೇಡ, ಒಪ್ಪುತ್ತೇನೆ. ಹೋಗುತ್ತ ಬರುತ್ತ 'ಥ್ಯಾಂಕ್ಸ್' ಎನ್ನುವುದರಲ್ಲಿ ಸತ್ವವಿಲ್ಲ. ಆದರೆ ಕರ್ತವ್ಯ ಮಾಡುವವರಿಗೂ ಮನಸ್ಸೆಂಬುದಿದೆ. ನಮ್ಮ ವಿದ್ಯಾರ್ಥಿನಿಲಯದಲ್ಲಿ ರೊಟ್ಟಿ ಬಡಿಯುವ ತಾಯಿಗೆ ನಾನೊಮ್ಮೆ, "ಅವ್ವಾ, ಪರೀಕ್ಷೆಯ ದಿನ ನೀ ನಸುಕಿನ್ಯಾಗ ಎದ್ದು ಬಿಸಿ ರೊಟ್ಟಿ ಕೊಟ್ಟಿ, ಅದಕ್ಕ ನೆಟ್ಟಗ ಬರದೆ" ಎಂದೆನು. ಆಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಹನ್ನೆರಡು ವರ್ಷ ಆತು ಯಪ್ಪಾ, ಹಿಂಗ ಯಾರೂ ಅಂದಿದ್ದಿಲ್ಲ" ಎಂದಳು. ಮರುದಿನವೂ ಆಕೆ ಅಷ್ಟೇ ರೊಟ್ಟಿ ಬಡಿದಳು, ಸಂಬಳವೂ ಅಷ್ಟೇ ಇತ್ತು. ಆದರೆ ನನ್ನನ್ನು ಕಂಡಾಗಲೆಲ್ಲ ಊರು, ಮನೆ, ಮಳೆ ಬೆಳೆ ವಿಚಾರಿಸತೊಡಗಿದಳು.

ಇದರಿಂದ ತಿಳಿಯುವುದಿಷ್ಟು: ಕೃತಜ್ಞತೆ ಹೇಳುವಾಗ ಮಾಡಿದ ಕೆಲಸವನ್ನು ಹೆಸರಿಸಿ ಹೇಳಬೇಕು. ಬೇಗನೆ ಹೇಳಬೇಕು. ಪ್ರತಿಫಲದ ಆಸೆಯಿಂದ ಹೇಳಬಾರದು. ದೊಡ್ಡವರಿಗಿಂತ ಮೊದಲು, ಯಾರೂ ಮಾತನಾಡಿಸದವರಿಗೆ ಹೇಳಬೇಕು. ತರಗತಿಯ ಕಸ ಗುಡಿಸುವವರು, ಗ್ರಂಥಾಲಯದಲ್ಲಿ ಪುಸ್ತಕ ಹುಡುಕಿಕೊಡುವವರು, ಊರಲ್ಲಿ ಕೂಲಿಗೆ ಹೋಗಿ ನಮ್ಮ ಶುಲ್ಕ ಕಟ್ಟುವ ತಾಯಿತಂದೆ, ಇವರೆಲ್ಲ ಇಂದು ನಮ್ಮ ಮಾತು ಕೇಳುವಷ್ಟು ಹತ್ತಿರದಲ್ಲಿದ್ದಾರೆ. ಸಹಪಾಠಿ ಮಿತ್ರರೇ, ಅವರಿಗಾಗಿ ಕಲ್ಲು ನಿಲ್ಲಿಸುವ ಶಕ್ತಿ ನಮಗಿಲ್ಲ, ಮಾತಿಗೆ ಬಡತನವೇಕೆ?