ಪ್ಲಗ್ಗಿನ ಮಸಿ ಹೇಳುವ ಮಾತು



ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕುಗಳನ್ನು ತಯಾರಿಸಿತು. ನಾವು ವೈದ್ಯಕೀಯ ವಿದ್ಯಾರ್ಥಿಗಳಾಗಿದ್ದಾಗ ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಮತ್ತೆ ಕಿಕ್ ಹೊಡೆಯುವುದು ನಮ್ಮ ನಿತ್ಯವಿಧಿಯಾಗಿತ್ತು. ಇಂದು ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳ ಗರಾಜುಗಳಲ್ಲಿ ಹಳೆಯ ಬೈಕು ದುರಸ್ತಿಮಾಡುವ ಮಿತ್ರರಿಗೂ ಅದೇ ಮಸಿಯ ಕಾಟ.

ರೋಗಿಯ ನಾಲಿಗೆಯನ್ನು ನೋಡುವಂತೆ ಪ್ಲಗ್ಗಿನ ತುದಿಯನ್ನು ನೋಡಬೇಕು. ತಿಳಿಗಂದು ಬಣ್ಣ ಆರೋಗ್ಯದ ಚಿಹ್ನೆ. ಒಣ ಕರಿಮಸಿ ಅಜೀರ್ಣದ ಚಿಹ್ನೆ. ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಸಾಲದಾದರೆ ಉರಿಯದೆ ಉಳಿದ ಇಂಗಾಲವು ಪ್ಲಗ್ಗಿಗೆ ಮೆತ್ತಿಕೊಳ್ಳುತ್ತದೆ. ಅದು ವಿದ್ಯುದ್ವಾಹಕವಾದುದರಿಂದ ವಿದ್ಯುತ್ತು ಕಿಡಿಯಾಗಿ ಹಾರದೆ ಮಸಿಯ ಮೂಲಕವೇ ಸೋರಿಹೋಗುತ್ತದೆ. ಪ್ಲಗ್ ಬದಲಿಸುವುದಷ್ಟೇ ಚಿಕಿತ್ಸೆಯಲ್ಲ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೆ, ಚೋಕ್ ಹಾಕಿದಂತೆಯೇ ಉಳಿದಿದೆಯೆ, ಕಾರ್ಬುರೇಟರಿನಲ್ಲಿ ಪೆಟ್ರೋಲು ಉಕ್ಕುತ್ತಿದೆಯೆ ಎಂದು ರೋಗಮೂಲವನ್ನು ಹುಡುಕಬೇಕು.

ವೈದ್ಯರಾದ ನಮ್ಮ ಎಚ್ಚರಿಕೆ ಬೇರೆಯದು. ಮಸಿ ಕಣ್ಣಿಗೆ ಕಾಣುತ್ತದೆ. ಅದರೊಡನೆ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಕಾಣದು, ಅದಕ್ಕೆ ವಾಸನೆಯೂ ಇಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಹ್ಯೂಸ್ಟನ್ನಿನ ಮನೆಯೊಂದರ ಗರಾಜಿನಲ್ಲಿ ಚಾಲೂ ಇದ್ದ ಕಾರಿನ ಹೊಗೆ ಪ್ರಾಣಗಳನ್ನೇ ತೆಗೆದುಕೊಂಡಿತು.

ಆದುದರಿಂದ ಎಂಜಿನನ್ನು ಬಯಲಿನಲ್ಲಿಯೇ ಚಾಲೂ ಮಾಡಿರಿ. ಗರಾಜಿನ ಬಾಗಿಲು ತೆರೆದರೆ ಸಾಲದು. ತಲೆನೋವು, ಓಕರಿಕೆ, ತಲೆಸುತ್ತು ಕಂಡರೆ ಮನೆಯವರೆಲ್ಲರೂ ಹೊರಗೆ ಬಂದು 911ಕ್ಕೆ ಕರೆಮಾಡಿರಿ. ಬೈಕು ನಾಳೆಯೂ ದುರಸ್ತಿಯಾದೀತು.