ಎಕ್ಕ-2 ಬಂತು ಅಂತ ಕುಣೀಬೇಡಿ: ಪಾಟ್ ಹಂಚುವ ಒಮಾಹಾದಲ್ಲಿ ಮೊದಲ ನಾಲ್ಕು ಎಲೆಯ ಲೆಕ್ಕ

ಇವತ್ತಿನ ವಿಷಯ ಇಸ್ಪೀಟು. ಕಾರವಾರ, ಅಂಕೋಲಾ ಕಡೆಯಿಂದ ಕೇಳ್ತಾ ಇರೋರಿಗೆ ಇದು ಹೊಸದೇನಲ್ಲ. ದೀಪಾವಳಿ ಬಂದ್ರೆ ಅಂದರ್ ಬಾಹರ್, ಮದುವೆ ಮನೇಲಿ ರಾತ್ರಿ ರಮ್ಮಿ. ಪೋಕರ್ ಮಾತ್ರ ನಮ್ಮ ತಲೆಮಾರಿಗೆ ಫೋನಿನಿಂದಲೇ ಬಂದದ್ದು. ಅದರಲ್ಲಿ ಜನ ಹೆಚ್ಚು ತಪ್ಪು ತಿಳಿದಿರುವ ಆಟ ಒಮಾಹಾ ಹೈ-ಲೋ, ಅಂದ್ರೆ ಪಾಟ್ ಎರಡು ಪಾಲಾಗುವ ಒಮಾಹಾ. ಇದರಲ್ಲಿ ಗೆಲ್ಲೋದು ಸೋಲೋದು ಬಹುಪಾಲು ಮೊದಲ ನಾಲ್ಕು ಎಲೆ ಕೈಗೆ ಬಂದಾಗಲೇ ತೀರ್ಮಾನ ಆಗಿರ್ತದೆ. ಹೇಗೆ ಅಂತ ನೋಡೋಣ.

ಮೊದಲು ಕಾನೂನು, ಚಿಕ್ಕದಾಗಿ

2025ರ ಆಗಸ್ಟ್ 22ರಂದು ಆನ್‌ಲೈನ್ ಗೇಮಿಂಗ್ ಕಾಯ್ದೆಗೆ ರಾಷ್ಟ್ರಪತಿ ಅಂಕಿತ ಬಿತ್ತು. ಕೌಶಲದ ಆಟವೋ ಅದೃಷ್ಟದ ಆಟವೋ ಅನ್ನೋ ವಾದ ಅಲ್ಲಿ ನಡೆಯೋದಿಲ್ಲ, ಹಣ ಇಟ್ಟು ಆಡಿಸುವ ಆನ್‌ಲೈನ್ ಆಟ ಯಾವುದೇ ಇರಲಿ ನಿಷೇಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ದೊಡ್ಡ ಪೋಕರ್ ಆ್ಯಪ್‌ಗಳು ಹಣದ ಟೇಬಲ್ ಮುಚ್ಚಿದ್ದು ಇದರಿಂದಲೇ. ಅದಕ್ಕೂ ಮುಂಚೆ ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ಇಂಥದ್ದೇ ತಿದ್ದುಪಡಿ ತಂದಿತ್ತು, ಅದರ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿತ್ತು. ಈಗಿನದ್ದು ಕೇಂದ್ರದ ಕಾಯ್ದೆ.

ಹಾಗಾದ್ರೆ ಈ ಎಪಿಸೋಡ್ ಯಾಕೆ? ಕಾರಣ ಎರಡು. ಒಂದು, ಹಣ ಇಲ್ಲದೆ ಗೆಳೆಯರ ಜೊತೆ ಆಡೋಕೆ ಇದು ತುಂಬ ಚಂದದ ಆಟ. ಎರಡು, ಕಾರವಾರದಿಂದ ಮಾಜಾಳಿ, ಪೋಳೆಂ ದಾಟಿ ಹೆದ್ದಾರಿ 66ರಲ್ಲಿ ಹೋದ್ರೆ ಪಣಜಿ ಸುಮಾರು 100 ಕಿಲೋಮೀಟರ್. ಮಾಂಡೋವಿ ನದಿಯ ಕ್ಯಾಸಿನೋ ಹಡಗುಗಳು ಅಲ್ಲೇ ಇವೆ. "ನಂಗೆ ಗೇಮ್ ಗೊತ್ತು" ಅಂತ ಸಂಬಳದ ದುಡ್ಡು ಹಿಡ್ಕೊಂಡು ಹೊರಡುವ ಮೊದಲು ಈ ಲೆಕ್ಕ ಒಮ್ಮೆ ಕೇಳಿ.

ಆಟದ ನಿಯಮ ಒಂದು ನಿಮಿಷದಲ್ಲಿ

ಕೈಗೆ ನಾಲ್ಕು ಎಲೆ, ಟೇಬಲ್ ಮೇಲೆ ಎಲ್ಲರಿಗೂ ಸೇರಿ ಐದು. ಕೈಯಿಂದ ಸರಿಯಾಗಿ ಎರಡು, ಟೇಬಲ್‌ನಿಂದ ಸರಿಯಾಗಿ ಮೂರು ತಗೊಂಡು ಐದೆಲೆ ಕಟ್ಟಬೇಕು. ಹೋಲ್ಡೆಮ್ ಆಡಿ ಬಂದವರು ಎಡವೋದು ಇಲ್ಲೇ. ಕೈಯಿಂದ ಒಂದೇ ಎಲೆ ಬಳಸೋ ಹಾಗಿಲ್ಲ, ಮೂರೂ ಬಳಸೋ ಹಾಗಿಲ್ಲ.

ಅರ್ಧ ಪಾಟ್ ಅತ್ಯುತ್ತಮ ಹೈಗೆ, ಉಳಿದರ್ಧ ಅತ್ಯಂತ ಸಣ್ಣ ಲೋಗೆ. ಲೋ ಆಗಬೇಕಾದ್ರೆ ಐದೂ ಎಲೆ ಬೇರೆ ಬೇರೆಯಾಗಿರಬೇಕು, ಎಲ್ಲವೂ 8 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಎಕ್ಕ ಎರಡೂ ಕಡೆ ನಡೀತದೆ, ಹೈಗೆ ದೊಡ್ಡದು, ಲೋಗೆ ಚಿಕ್ಕದು. ಲೋಗೆ ಸ್ಟ್ರೇಟ್, ಫ್ಲಶ್ ಅಡ್ಡಿ ಆಗೋದಿಲ್ಲ. ಯಾರಿಗೂ ಲೋ ಆಗದಿದ್ರೆ ಪೂರ್ತಿ ಪಾಟ್ ಹೈಗೆ. ಒಬ್ಬರೇ ಪೂರ್ತಿ ಬಾಚಿಕೊಂಡ್ರೆ ಅದಕ್ಕೆ ಸ್ಕೂಪ್ ಅಂತಾರೆ. ಈ ಆಟದ ಗುರಿಯೇ ಸ್ಕೂಪ್.

ಅರ್ಧ ಗೆದ್ದರೆ ಲಾಭ ಅಲ್ಲ

ನಾನು ಬಿ.ಕಾಂ ಓದಿದವನು, ಹಾಗಾಗಿ ಇಲ್ಲಿ ಲೆಡ್ಜರ್ ತೆಗೀತೇನೆ. ಇಬ್ಬರು ತಲಾ 400 ಚಿಪ್ಸ್ ಹಾಕಿದ್ರು, ಪಾಟ್ 800. ನೀವು ಲೋ ಗೆದ್ರಿ, ಬಂದದ್ದು 400. ಲಾಭ ಸೊನ್ನೆ. ಕ್ಯಾಸಿನೋ ಪ್ರತಿ ಪಾಟ್‌ನಲ್ಲಿ ತನ್ನ ಕಮಿಷನ್ ಹಿಡೀತದೆ. ಅದು 5% ಅಂತ ಇಟ್ಕೊಳ್ಳಿ, ಪಾಟ್ 760ಕ್ಕೆ ಇಳೀತು, ನಿಮಗೆ 380. "ಗೆದ್ದು" 20 ಕಳಕೊಂಡ್ರಿ.

ಈಗ ಮೂವರು ತಲಾ 400, ಪಾಟ್ 1,200. ಕಮಿಷನ್ ಬಿಟ್ಟುಬಿಡಿ. ನಿಮ್ಮ ಹತ್ರ ಎಕ್ಕ-2, ಇನ್ನೊಬ್ಬನ ಹತ್ರವೂ ಎಕ್ಕ-2, ಮೂರನೆಯವನಿಗೆ ಹೈ. ಅವನಿಗೆ 600. ಲೋ ಪಾಲು 600 ನಿಮ್ಮಿಬ್ಬರಿಗೆ ಹಂಚಿ ತಲಾ 300. ಎಲ್ಲರಿಗಿಂತ ಒಳ್ಳೆ ಲೋ ಇದ್ದೂ 100 ಲಾಸ್! ಇದಕ್ಕೆ ಕ್ವಾರ್ಟರ್ ಆಗೋದು ಅಂತಾರೆ. ರಂಪಣಿ ಬಲೆ ಎಳೆದಾಗ ಮೀನು ಎಷ್ಟು ಬಿತ್ತು ಅನ್ನೋದರ ಜೊತೆಗೆ ಪಾಲು ಎಷ್ಟು ಜನಕ್ಕೆ ಅಂತಾನೂ ನೋಡ್ತಾರಲ್ಲ, ಹಾಗೇ ಇದು. ಅದೇ 1,200ರ ಪಾಟ್ ಸ್ಕೂಪ್ ಆದ್ರೆ ನಿಮಗೆ 800 ಲಾಭ.

ಎಕ್ಕ-2 ಎಷ್ಟು ಸಲ ಬರ್ತದೆ?

ನಾಲ್ಕು ಎಲೆಯ ಕೈಗಳು ಒಟ್ಟು 2,70,725. ಅದರಲ್ಲಿ ಕನಿಷ್ಠ ಒಂದು ಎಕ್ಕ, ಒಂದು 2 ಇರೋವು 17,316. ಅಂದ್ರೆ ಸುಮಾರು 16 ಕೈಗೆ ಒಂದು. ನಿಮ್ಮ ಹತ್ರ ಅದು ಇದ್ದಾಗ ಎದುರಿನ ಒಬ್ಬ ಆಟಗಾರನ ಹತ್ರವೂ ಇರುವ ಸಾಧ್ಯತೆ 4.4%. ಕಡಿಮೆ ಅನಿಸ್ತದೆ, ಆದರೆ ಎದುರು ಎಂಟು ಮಂದಿ ಕೂತಿದ್ರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು ಸಲ ಇನ್ನೊಬ್ಬನ ಹತ್ರ ಇರ್ತದೆ. ಅಂಥ ಕೈ ಇದ್ದವ ಬಿಟ್ಟು ಎದ್ದು ಹೋಗೋದೂ ಇಲ್ಲ.

ಇನ್ನೊಂದು ಲೆಕ್ಕ. ಕೈಯಲ್ಲಿ ಎಕ್ಕ, 2, 9, 10. ಟೇಬಲ್ ಮೇಲೆ ಮೊದಲ ಮೂರು ಎಲೆ 4, 7, ರಾಣಿ. ಲೋ ಆಗೋಕೆ 3, 5, 6, 8 ಇವುಗಳಲ್ಲಿ ಒಂದು ಬರಬೇಕು. ಕಾಣದ 45 ಎಲೆಯಲ್ಲಿ 16. ಉಳಿದ ಎರಡು ಎಲೆಯಲ್ಲಿ ಬರುವ ಸಾಧ್ಯತೆ 59%. 100ರಲ್ಲಿ 41 ಸಲ ಕೈ ಖಾಲಿ. ಆ 59 ಸಲವೂ ಸಿಗೋದು ಅರ್ಧವೇ.

ಬೆನ್ನಿಗೊಂದು 3 ಇರಲಿ

ಕೈಯಲ್ಲಿ ಎಕ್ಕ-2, ಟೇಬಲ್ 4, 7, 8. ನಿಮ್ಮದು 8-7-4-2-ಎಕ್ಕ, ಸದ್ಯಕ್ಕೆ ಅತ್ಯುತ್ತಮ ಲೋ. ಮುಂದಿನ ಎಲೆ 2 ಬಿತ್ತು. ಈಗ ಎಕ್ಕ-3 ಇದ್ದವ 7-4-3-2-ಎಕ್ಕ ಕಟ್ಟಿದ, ನಿಮ್ಮನ್ನು ದಾಟಿದ. ನಿಮ್ಮ ಕೈಯಲ್ಲೂ ಒಂದು 3 ಇದ್ದಿದ್ರೆ? ಅದೇ 7-4-3-2-ಎಕ್ಕ ನಿಮಗೂ ಆಗ್ತಿತ್ತು. ಎಕ್ಕ-2-3ಕ್ಕೆ ಬೆಲೆ ಬರೋದು ಅದಕ್ಕೇ.

ಯಾವುದು ಆಡಬೇಕು, ಯಾವುದು ಬಿಡಬೇಕು

ಎಲ್ಲಕ್ಕಿಂತ ಮೇಲೆ ಎಕ್ಕ-ಎಕ್ಕ-2-3, ಎರಡೂ ಎಕ್ಕಗಳಿಗೆ ಅದರದ್ದೇ ಬಣ್ಣದ ಜೋಡಿ ಇರುವಂಥದ್ದು. ಉದಾಹರಣೆಗೆ ಇಸ್ಪೀಟ್ ಎಕ್ಕ, ಇಸ್ಪೀಟ್ 2, ಆಟೀನ್ ಎಕ್ಕ, ಆಟೀನ್ 3. ಲೋಗೆ ದಾರಿ ಇದೆ, ದೊಡ್ಡ ಫ್ಲಶ್‌ಗೆ ಎರಡು ದಾರಿ ಇವೆ, ಜೋಡಿ ಎಕ್ಕ ಅಂತೂ ಇದ್ದೇ ಇದೆ. ನಾಲ್ಕೂ ಎಲೆ ಒಂದಕ್ಕೊಂದು ಕೆಲಸ ಮಾಡ್ತಾವೆ. ಎಕ್ಕ-2-3 ಜೊತೆ ರಾಜ, ಎಕ್ಕಕ್ಕೆ ಬಣ್ಣದ ಜೋಡಿ, ಇದೂ ಬಲವಾದ ಕೈ.

ರಾಜ-ರಾಜ-ರಾಣಿ-ಗುಲಾಮ ಥರದ್ದು ಬರೀ ಹೈ ಕೈ. ಆಡಬಹುದು, ಆದರೆ ಟೇಬಲ್ ಮೇಲೆ ದೊಡ್ಡ ಎಲೆ ಬಿದ್ರೆ ಮಾತ್ರ ಮುಂದೆ ಹೋಗಿ. ಮೊದಲ ಮೂರರಲ್ಲಿ ಎರಡು ಸಣ್ಣ ಎಲೆ ಬಂದು ನಿಮಗೇನೂ ಕೂಡಿಲ್ಲ ಅಂದ್ರೆ ಕೈ ಬಿಟ್ಟುಬಿಡಿ.

6-7-8-9 ಮೋಸದ ಕೈ. ಸಾಮಾನ್ಯ ಒಮಾಹಾದಲ್ಲಿ ಚೆನ್ನಾಗಿ ಕಾಣ್ತದೆ. ಇಲ್ಲಿ ಟೇಬಲ್ 4, 5, 8 ಬಂದು ಸ್ಟ್ರೇಟ್ ಆಯ್ತು ಅಂದ್ಕೊಳ್ಳಿ. ಆಗ ಮೂರು ಸಣ್ಣ ಎಲೆ ಬಿದ್ದಿರ್ತಾವೆ, ಎಕ್ಕ-2 ಇದ್ದವ ಅರ್ಧ ಒಯ್ತಾನೆ. ಅದರಲ್ಲೂ 9 ಲೋಗೂ ಇಲ್ಲ, ಹೈಗೂ ಅಷ್ಟಕ್ಕಷ್ಟೇ.

2-2-2-8 ಅಥವಾ ನಾಲ್ಕೂ ಕಳಾವರ್? ಬಿಡಿ. ಬಳಸೋದು ಎರಡೇ ಎಲೆ, ಮಿಕ್ಕವು ನಿಮಗೆ ಬೇಕಾದ ಎಲೆಯನ್ನೇ ನಿಮ್ಮ ಕೈಯಲ್ಲಿ ಕಟ್ಟಿಹಾಕಿರ್ತಾವೆ.

ಎಕ್ಕ-2 ಜೊತೆ ಸಂಬಂಧ ಇಲ್ಲದ 9-10? ಕಡಿಮೆ ಖರ್ಚಲ್ಲಿ ನೋಡಿ. ಅದರ ಮೇಲೆ ದುಡ್ಡು ಏರಿಸ್ತಾ ಹೋಗಬೇಡಿ.

ಒಂದೇ ಪ್ರಶ್ನೆ ನೆನಪಿಟ್ಕೊಳ್ಳಿ: "ಈ ನಾಲ್ಕು ಎಲೆಯಿಂದ ಎರಡೂ ಕಡೆ ಗೆಲ್ಲೋ ದಾರಿ ಇದೆಯಾ?" ಇಲ್ಲ ಅಂದ್ರೆ ಬಿಡೋದೇ ಲಾಭ. ಬಹುಪಾಲು ಕೈಗಳಿಗೆ ಉತ್ತರ "ಇಲ್ಲ" ಅಂತಲೇ ಬರ್ತದೆ. ಮೋಜಿಗೆ ಅಂತ ದುಡ್ಡು ಕೊಟ್ಟು ಕೂತವನಿಗೆ ಸುಮ್ಮನೆ ಎಲೆ ಕೆಳಗಿಡೋದು ಬೇಜಾರು. ಆ ಬೇಜಾರಿನಿಂದಲೇ ಟೇಬಲ್ ನಡೀತಿರ್ತದೆ.

ಪ್ರಾಕ್ಟೀಸ್‌ಗೆ ದುಡ್ಡೂ ಬೇಡ, ಆ್ಯಪೂ ಬೇಡ. ಒಂದು ಕಟ್ಟು ಇಸ್ಪೀಟು, ಮೂರ್ನಾಲ್ಕು ಗೆಳೆಯರು, ಚಿಪ್ಸ್ ಬದಲು ಹುಣಸೆ ಬೀಜ. 50 ಕೈ ಹಂಚಿ. ಪ್ರತಿ ಸಲ ಹಾಕಿದ್ದೆಷ್ಟು, ಬಂದದ್ದೆಷ್ಟು ಅಂತ ಎರಡು ಕಾಲಂ ಬರೀರಿ. "ಗೆದ್ದೆ" ಅಂತ ಕೂಗಿದ ಎಷ್ಟು ಸಲ ನಿಜಕ್ಕೂ ಬೀಜ ಹೆಚ್ಚಾಯ್ತು ಅಂತ ಕೊನೆಗೆ ಕೂಡಿಸಿ ನೋಡಿ. ನಿಮ್ಮ ಲೆಕ್ಕ ನಂಗೂ ಕಳಿಸಿ. ಮತ್ತೆ ಸಿಗೋಣ.